ಹೊಸ ಊರಿನಲ್ಲಿ ಹೊಸ ಬಗೆಯ ಬಿಡಾರ

“ನೀನು ಒಮ್ಮೆ ಹೋಗಿ ಕಣ್ಣಾರೆ ನೋಡಿಕೊಂಡು ಬಾ” ಎಂದು ಅಕ್ಕ ಹೇಳಿದಾಗ ಅದು ಬರಿಯ ಪ್ರವಾಸದ ಸಲಹೆಯಲ್ಲವೆಂಬುದು ನನಗೆ ತಿಳಿಯಿತು. ಅವಳ ಒಬ್ಬನೇ ಮಗ ಎರಡು ವರ್ಷಗಳಿಂದ ಥಾಯ್ಲೆಂಡಿನ ಉತ್ತರ ಸೀಮೆಯ ಚಿಯಾಂಗ್ ಮಾಯ್ ಎಂಬ ಊರಿನಲ್ಲಿ ಹೆಂಡತಿ ಮಗುವಿನೊಡನೆ ವಾಸವಾಗಿದ್ದ. ಅಲ್ಲಿ ಅವನಿಗೆ ಕಚೇರಿಯಿಲ್ಲ, ಮೇಲಧಿಕಾರಿಯಿಲ್ಲ, ಒಂದನೆಯ ತಾರೀಖಿನ ಸಂಬಳವೂ ಇಲ್ಲ. ಜರ್ಮನಿಯ ಒಂದು ಬಟ್ಟೆಯಂಗಡಿ, ಆಸ್ಟ್ರೇಲಿಯದ ಇಬ್ಬರು ದಂತವೈದ್ಯರು, ಬೆಂಗಳೂರಿನ ಒಂದು ಕಾಫಿಪುಡಿಯ ವ್ಯಾಪಾರ—ಇಂತಹವರಿಗೆ ಇಂಟರ್‌ನೆಟ್ಟಿನಲ್ಲಿ ಮಳಿಗೆ ಕಟ್ಟಿಕೊಟ್ಟು ಅದರ ಉಸ್ತುವಾರಿ ನೋಡಿಕೊಳ್ಳುವುದು ಅವನ ಕಸುಬು. ಲ್ಯಾಪ್‌ಟಾಪೊಂದಿದ್ದರೆ ಎಲ್ಲಿ ಕುಳಿತರೂ ನಡೆಯುವ ಕೆಲಸ.

ಮೈಸೂರಿನ ನಮ್ಮ ಬೀದಿಯಲ್ಲಿ “ಮಗ ಯಾವ ಕಂಪನಿಯಲ್ಲಿದ್ದಾನೆ?” ಎಂದು ಯಾರಾದರೂ ಕೇಳಿದರೆ ಅಕ್ಕ “ಅವನದೇ” ಎಂದು ಹೇಳಿ ಮಾತು ಬದಲಾಯಿಸುತ್ತಿದ್ದಳು. ಅವಳನ್ನು ಕಾಡುತ್ತಿದ್ದುದು ಕಂಪನಿಯ ಹೆಸರಲ್ಲ. “ಅಲ್ಲಿ ಅವನು ನ್ಯಾಯವಾಗಿ ಇದ್ದಾನೆಯೇನೋ? ನಾಳೆ ಯಾರೋ ಬಂದು ಹೆಂಡತಿ ಮಗುವಿನ ಸಮೇತ ಆಚೆಗೆ ಕಳಿಸಿದರೆ?” ಎಂಬ ಅಳುಕು. ಹಾಗೆಯೇ ಇನ್ನೊಂದು ಪ್ರಶ್ನೆಯೂ ಇತ್ತು. ಅದನ್ನು ಅವಳು ಬಾಯಿ ಬಿಟ್ಟು ಕೇಳಲಿಲ್ಲ. ಯಜಮಾನರು ತೀರಿಕೊಂಡ ಮೇಲೆ ಅಷ್ಟು ದೊಡ್ಡ ಮನೆಯಲ್ಲಿ ಅವಳೊಬ್ಬಳೇ ಇದ್ದಳು.

ನಾನು ನಿವೃತ್ತ ಉಪಾಧ್ಯಾಯ, ಬಿಡುವಿಗೆ ಕೊರತೆಯಿಲ್ಲ. 2024ರ ನವೆಂಬರ್ ಮೊದಲ ವಾರದಲ್ಲಿ ಹೊರಟೇಬಿಟ್ಟೆ.

ರಾತ್ರಿಯ ರೈಲು

ಬೆಂಗಳೂರಿನಿಂದ ಬ್ಯಾಂಕಾಕಿಗೆ ವಿಮಾನದಲ್ಲಿ ನಾಲ್ಕು ಗಂಟೆಯೂ ಹಿಡಿಯುವುದಿಲ್ಲ. ಆ ವರ್ಷದ ಜುಲೈ 15ರಿಂದ ಭಾರತೀಯ ಪ್ರವಾಸಿಗಳು ವೀಸಾ ಇಲ್ಲದೆಯೇ 60 ದಿನ ಇರಬಹುದೆಂಬ ನಿಯಮ ಜಾರಿಗೆ ಬಂದಿದ್ದುದರಿಂದ, ನಿಲ್ದಾಣದ ಅಧಿಕಾರಿ ನನ್ನ ಮುಖವನ್ನೊಮ್ಮೆ ನೋಡಿ, ಪಾಸ್‌ಪೋರ್ಟಿಗೆ ಮುದ್ರೆಯೊತ್ತಿ, ನಗುತ್ತಲೇ ಹಿಂದಿರುಗಿಸಿದ. ನೋಡಲು ಬಂದವನಿಗೆ ಬಾಗಿಲು ಎಷ್ಟು ಸಲೀಸಾಗಿ ತೆರೆಯುತ್ತದೆ! ಇರಲು ಬಂದವನಿಗೆ ಹೇಗೋ ಎಂದುಕೊಂಡೆ.

ಅಲ್ಲಿಂದ ಮುಂದಕ್ಕೆ ಮತ್ತೊಂದು ವಿಮಾನ ಹಿಡಿಯಬಹುದಿತ್ತು. ಆದರೆ ಊರನ್ನು ನೆಲದ ಮೇಲಿನಿಂದಲೇ ಸೇರಬೇಕೆಂಬ ಹಳೆಯ ಹಟದಿಂದ ರಾತ್ರಿಯ ರೈಲು ಹತ್ತಿದೆ. ಸುಮಾರು 750 ಕಿಲೋಮೀಟರಿನ ದಾರಿ. ರಾತ್ರಿಯೆಲ್ಲ ಬಯಲಿನಲ್ಲಿ ಓಡಿದ ಗಾಡಿ ಬೆಳಗಿನ ಜಾವ ತೇಗದ ಕಾಡುಗಳ ನಡುವೆ ಏದುಸಿರು ಬಿಡುತ್ತ ಬೆಟ್ಟವೇರಿತು. ಖುನ್ ತಾನ್ ಎಂಬಲ್ಲಿ 1,352 ಮೀಟರ್ ಉದ್ದದ ಸುರಂಗ. ಅದನ್ನು ದಾಟಿ ಆಚೆಗೆ ಬಂದಾಗ ಕಣ್ಣೆದುರಿಗೆ ಮಂಜು ಮುಸುಕಿದ ಗದ್ದೆಗಳು, ದೂರದಲ್ಲಿ ನೀಲಿಯ ಬೆಟ್ಟಗಳ ಸಾಲು. ಸಕಲೇಶಪುರದ ಘಟ್ಟದ ರೈಲಿನಲ್ಲಿ ಕುಳಿತಿದ್ದೇನೆಯೋ ಎಂಬ ಭ್ರಮೆ ಕ್ಷಣಕಾಲ ಉಂಟಾಯಿತು.

ನಿಲ್ದಾಣಕ್ಕೆ ಅಳಿಯನೂ ಅವನ ಹೆಂಡತಿಯೂ ಮಗುವನ್ನೆತ್ತಿಕೊಂಡು ಬಂದಿದ್ದರು. “ಬನ್ನಿ ಮಾವ, ಪ್ರಯಾಣ ಸುಖವಾಯಿತೆ?” ಎಂದು ಅಳಿಯ ಪೆಟ್ಟಿಗೆಗೆ ಕೈ ಹಾಕಿದ. ಮೂರು ವರ್ಷದ ಪುಟ್ಟಿ ಎರಡು ಕೈ ಜೋಡಿಸಿ “ಸವಾದೀ” ಎಂದಳು. ಥಾಯ್ ಜನರ ಈ ನಮಸ್ಕಾರದ ಮಾತು ನಮ್ಮ ‘ಸ್ವಸ್ತಿ’ಯಿಂದಲೇ ಬಂದದ್ದು. ಪರದೇಶದಲ್ಲಿ ನನ್ನನ್ನು ಮೊದಲು ಸ್ವಾಗತಿಸಿದ್ದು, ನಮ್ಮ ಮನೆಯ ಮಗುವಿನ ಬಾಯಲ್ಲಿ, ವೇಷ ಮರೆಸಿಕೊಂಡ ಸಂಸ್ಕೃತ!

ಏಳು ಶತಮಾನದ ‘ಹೊಸ ಊರು’

ಚಿಯಾಂಗ್ ಮಾಯ್ ಎಂದರೆ ಹೊಸ ನಗರ ಎಂದರ್ಥ. ನಮ್ಮ ಹೊಸಪೇಟೆ, ಹೊಸೂರುಗಳಂತೆಯೇ ಇದೂ ಹೆಸರಿಗೆ ಮಾತ್ರ ಹೊಸತು. 1296ರಲ್ಲಿ ಮಂಗ್‌ರಾಯ್ ಎಂಬ ದೊರೆ ಇದನ್ನು ಕಟ್ಟಿಸಿ ತನ್ನ ಲಾನ್ನಾ ರಾಜ್ಯದ ರಾಜಧಾನಿಯಾಗಿ ಮಾಡಿಕೊಂಡ. ಲಾನ್ನಾ ಎಂದರೆ ಹತ್ತು ಲಕ್ಷ ಗದ್ದೆಗಳ ನಾಡು. ಹಳೆಯ ಊರು ಚೌಕಾಕಾರದ್ದು. ಸುತ್ತಲೂ ನೀರು ತುಂಬಿದ ಕಂದಕ, ಮೂಲೆಗಳಲ್ಲಿ ಶಿಥಿಲವಾದ ಇಟ್ಟಿಗೆಯ ಕೊತ್ತಳಗಳು. ಪೂರ್ವದಲ್ಲಿ ಥಾ ಫೇ ಎಂಬ ಹೆಬ್ಬಾಗಿಲು. ಊರ ನಡುವೆ ಚೇದಿ ಲುವಾಂಗ್ ಎಂಬ ಮಹಾಸ್ತೂಪ. 1545ರ ಭೂಕಂಪದಲ್ಲಿ ಅದರ ಶಿಖರ ಕುಸಿಯಿತು. ಉಳಿದ ಭಾಗವೇ ಇಂದಿಗೂ ಆನೆಯ ಕುಂಭಸ್ಥಳದಂತೆ ಎದ್ದು ನಿಂತಿದೆ.

ಪಶ್ಚಿಮಕ್ಕೆ ಸುಥೇಪ ಪರ್ವತ. ಬುದ್ಧನ ಧಾತುವನ್ನು ಬಿಳಿಯಾನೆಯೊಂದರ ಬೆನ್ನ ಮೇಲಿರಿಸಿ ಬಿಟ್ಟರೆಂದೂ, ಅದು ಬೆಟ್ಟವೇರಿ, ಮೂರು ಸಲ ಘೀಳಿಟ್ಟು, ಪ್ರಾಣಬಿಟ್ಟ ಜಾಗದಲ್ಲಿಯೇ ದೇವಾಲಯವಾಯಿತೆಂದೂ ಐತಿಹ್ಯ. ಮುನ್ನೂರು ಚಿಲ್ಲರೆ ಮೆಟ್ಟಿಲುಗಳು; ಎರಡು ಕಡೆಯೂ ಮೈ ಚಾಚಿದ ನಾಗಗಳೇ ಕೈಪಿಡಿ. ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲು ಹತ್ತಿದ ಮೊಣಕಾಲಿಗೆ ಅದೇನು ಮಹಾ ಎಂದು ಹೊರಟವನು ನಡುವೆ ಎರಡು ಸಲ ಕುಳಿತೆ.

ಹಿಂದಿನ ತಿಂಗಳಷ್ಟೆ ಪಿಂಗ್ ನದಿ ಉಕ್ಕಿ ಊರಿನ ಪೇಟೆಗಳಿಗೆ ನುಗ್ಗಿತ್ತು. ನದಿಯ ಸಮೀಪದ ಅಂಗಡಿಗಳ ಗೋಡೆಯ ಮೇಲೆ ಎದೆಮಟ್ಟದಲ್ಲಿ ಕೆಸರಿನ ಗೆರೆ ಇನ್ನೂ ಅಳಿಸಿರಲಿಲ್ಲ. ಆದರೂ ವ್ಯಾಪಾರ ನಡೆದಿತ್ತು. ಎರಡು ಉದ್ದನೆಯ ಬೆಂಚುಗಳನ್ನು ಎದುರುಬದುರಾಗಿ ಹಾಕಿದ ‘ಸಾಂಗ್‌ಥೇವ್’ ಎಂಬ ಕೆಂಪು ಬಾಡಿಗೆ ವಾಹನಗಳು ಜನರನ್ನು ತುಂಬಿಕೊಂಡು ಓಡಾಡುತ್ತಿದ್ದವು.

ಕಂದಕದ ಪಶ್ಚಿಮಕ್ಕಿರುವ ನಿಮ್ಮಾನ್ ರಸ್ತೆಗೆ ಹೋದರೆ ಬೇರೆಯೇ ಪ್ರಪಂಚ. ಒಂದರ ಪಕ್ಕಕ್ಕೊಂದು ಕಾಫಿ ಅಂಗಡಿ. ಒಳಗೆ ಎಲ್ಲ ದೇಶಗಳ ಯುವಕ ಯುವತಿಯರು ಒಂದೊಂದು ಬಟ್ಟಲು ಕಾಫಿಯ ಮುಂದೆ ಲ್ಯಾಪ್‌ಟಾಪ್ ತೆರೆದು ಪರೀಕ್ಷೆಗೆ ಕುಳಿತವರಂತೆ ಮೌನವಾಗಿ ಕುಳಿತಿದ್ದಾರೆ. “ಇವರೆಲ್ಲ ಓದುವ ಹುಡುಗರೇನೋ?” ಎಂದೆ. “ಅಲ್ಲ ಮಾವ, ಇದೇ ಇವರ ಆಫೀಸು” ಎಂದ ಅಳಿಯ.

ಜಾತಕಗಳ ಕಟ್ಟು

ಆ ರಾತ್ರಿ ಊಟವಾದ ಮೇಲೆ ಅಕ್ಕನ ಪ್ರಶ್ನೆಯನ್ನು ಅವನ ಮುಂದಿಟ್ಟೆ. ಅವನು ಸಿಟ್ಟಾಗಲಿಲ್ಲ. ತುಸು ಹೊತ್ತು ಸುಮ್ಮನಿದ್ದು, “ಅಮ್ಮನ ಅನುಮಾನ ಸುಳ್ಳಲ್ಲ ಮಾವ” ಎಂದ.

ಬಂದ ಹೊಸತರಲ್ಲಿ ಅವನು ಇದ್ದುದು ಪ್ರವಾಸಿಯ ವೀಸಾದ ಮೇಲೆ. 60 ದಿನ, 1,900 ಬಾಟ್ ಕಟ್ಟಿದರೆ ಇನ್ನು 30 ದಿನ. ಆಮೇಲೆ ಗಡಿ ದಾಟಿ ಲಾವೋಸಿಗೆ ಹೋಗಿ, ಹೊಸ ವೀಸಾ ಪಡೆದು ಮರಳಿ ಬರುವುದು. ಪ್ರತಿ ಸಲವೂ ಕಿಟಕಿಯ ಹಿಂದಿನ ಅಧಿಕಾರಿ “ಏತಕ್ಕೆ ಬಂದಿರಿ?” ಎಂದು ಕೇಳುವನು, ಇವನು “ನೋಡಲು” ಎನ್ನುವನು. “ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಆದರೆ ಹಾಗೆ ಹೇಳುವಾಗಲೆಲ್ಲ ನಾಲಗೆ ಒಣಗುತ್ತಿತ್ತು. ಪುಟ್ಟಿಯನ್ನು ಎತ್ತಿಕೊಂಡು ಆ ಸಾಲಿನಲ್ಲಿ ನಿಂತ ಮೇಲೆ, ಇನ್ನು ಹೀಗೆ ಸಲ್ಲದು ಎನ್ನಿಸಿತು.”

ಅವನು ಒಳಗಿನಿಂದ ಒಂದು ನೋಟ್‌ಬುಕ್ ತಂದ. ಮಗಳಿಗೆ ಗಂಡು ಹುಡುಕುವ ತಂದೆ ಜಾತಕಗಳನ್ನು ಕೂಡಿಹಾಕುವಂತೆ ಅವನು ದೇಶಗಳನ್ನು ಕೂಡಿಹಾಕಿದ್ದ. ತನ್ನದೇ ಕಸುಬುಳ್ಳವನು, ಆ ದೇಶದವರ ಉದ್ಯೋಗವನ್ನು ಕಸಿಯದೆ, ಹೊರಗಿನ ವರಮಾನದಿಂದ ಅಲ್ಲಿ ವಾಸಿಸುವುದಕ್ಕೆ ಯಾವ ಯಾವ ದೇಶ ಒಪ್ಪುತ್ತದೆ ಎಂಬುದರ ಲೆಕ್ಕ ಅದರಲ್ಲಿತ್ತು.

ಎಸ್ಟೋನಿಯಾ ದೇಶ 2014ರಿಂದಲೇ ಪರದೇಶಿಗಳಿಗೆ ಇ-ರೆಸಿಡೆನ್ಸಿ ಎಂಬ ಗುರುತಿನ ಚೀಟಿ ಕೊಡುತ್ತಿದೆ. ಮೈಸೂರಿನಲ್ಲಿಯೇ ಕುಳಿತು ಅಲ್ಲೊಂದು ಕಂಪನಿ ತೆರೆಯಬಹುದು. ಆದರೆ ಆ ಚೀಟಿಯಿಂದ ಆ ನೆಲದ ಮೇಲೆ ಒಂದು ರಾತ್ರಿ ಕಳೆಯುವ ಹಕ್ಕೂ ಬರುವುದಿಲ್ಲ. ಹೆಸರು ಕೇಳಿ ಮೋಸಹೋಗುವವರು ಅನೇಕರಂತೆ. ವಾಸಕ್ಕೆ ಬೇರೆ ವೀಸಾ ಇದೆ. 2020ರಲ್ಲಿ ಬಂದದ್ದು, ಹೆಚ್ಚೆಂದರೆ ಒಂದು ವರ್ಷಕ್ಕೆ. ಪೋರ್ಚುಗಲ್ 2022ರ ಅಕ್ಟೋಬರಿನಲ್ಲಿ ಇಂತಹ ವೀಸಾ ತಂದಿತು. ಅಲ್ಲಿಯ ಕನಿಷ್ಠ ವೇತನದ ನಾಲ್ಕು ಪಟ್ಟು ಮಾಸಿಕ ವರಮಾನ ಬೇಕು. ಸ್ಪೇನಿಗೆ ಕನಿಷ್ಠ ವೇತನದ ಎರಡು ಪಟ್ಟು ಸಾಕು. ಆದರೆ ಸ್ಪೇನಿನೊಳಗಿನ ಗಿರಾಕಿಗಳಿಂದ ಬರುವ ಕೆಲಸ ನೂರಕ್ಕೆ ಇಪ್ಪತ್ತನ್ನು ಮೀರಬಾರದು. ಜರ್ಮನಿಯಲ್ಲಿ ಸ್ವತಂತ್ರ ವೃತ್ತಿಯವರಿಗೆ ವಾಸದ ಅನುಮತಿಯುಂಟು. ವಯಸ್ಸು 45 ದಾಟಿದ್ದರೆ ಮುಪ್ಪಿನ ಕಾಲಕ್ಕೇನು ಏರ್ಪಾಡೆಂಬುದನ್ನೂ ಸಾಮಾನ್ಯವಾಗಿ ತೋರಿಸಬೇಕು. ಮಲೇಷ್ಯದ ‘ಡಿ ಇ ರಂತಾವ್’ 2022ರದು. ಮೂರರಿಂದ ಹನ್ನೆರಡು ತಿಂಗಳು, ಮುಂದಕ್ಕೂ ವಿಸ್ತರಿಸಬಹುದು. ಅವನಂತಹ ತಾಂತ್ರಿಕ ಕಸುಬಿನವರಿಗೆ ವರ್ಷಕ್ಕೆ 24,000 ಡಾಲರ್ ವರಮಾನ ಬೇಕು.

ಕೆಲವು ಹಾಳೆಗಳ ಮೇಲೆ ಅಡ್ಡಗೆರೆ ಎಳೆದಿದ್ದ. ಜಪಾನು 2024ರಲ್ಲಿ ಆರು ತಿಂಗಳ ಇಂತಹ ವೀಸಾ ತೆರೆಯಿತು. ಅದರ ದೇಶಗಳ ಪಟ್ಟಿಯಲ್ಲಿ ಭಾರತವಿರಲಿಲ್ಲ. ಅಮೆರಿಕದವನು ನೆದರ್ಲೆಂಡಿನಲ್ಲಿ 4,500 ಯೂರೋ ಬಂಡವಾಳ ಹೂಡಿ ಸ್ವಂತ ಉದ್ಯಮಿಯಾಗಿ ನೆಲೆಸಬಹುದು. ಅದಕ್ಕೆ 1956ರ ಸ್ನೇಹ ಒಪ್ಪಂದವೊಂದು ಆಧಾರ. ನಮಗೆ ಆ ದಾರಿಯಿಲ್ಲ. “ಒಂದೇ ಮೇಜಿನಲ್ಲಿ ಕುಳಿತು ಒಂದೇ ಕೆಲಸ ಮಾಡುತ್ತೇವೆ ಮಾವ. ಪಾಸ್‌ಪೋರ್ಟು ತೆಗೆದು ಮೇಜಿನ ಮೇಲಿಟ್ಟಾಗ ಮಾತ್ರ ಬೇರೆ ಬೇರೆ ಜಾತಿಯವರಾಗುತ್ತೇವೆ” ಎಂದು ಅವನು ನಕ್ಕ.

ಕೊನೆಗೆ ಕೂಡಿಬಂದ ಜಾತಕ ತಾನಿದ್ದ ಊರಿನದೇ. 2024ರ ಜುಲೈಯಲ್ಲಿ ಥಾಯ್ ಸರ್ಕಾರ ಡೆಸ್ಟಿನೇಷನ್ ಥಾಯ್ಲೆಂಡ್ ವೀಸಾ ಎಂಬುದನ್ನು ತಂದಿತು. ವಯಸ್ಸು 20 ತುಂಬಿರಬೇಕು. ಬ್ಯಾಂಕಿನಲ್ಲಿ 5 ಲಕ್ಷ ಬಾಟ್—ಆಗಿನ ದರದಲ್ಲಿ ಸುಮಾರು 12 ಲಕ್ಷ ರೂಪಾಯಿ—ಇರಬೇಕು. ತನ್ನ ಕಸುಬಿಗೆ ದಾಖಲೆ ಕೊಡಬೇಕು. ಅರ್ಜಿಯನ್ನು ಥಾಯ್ಲೆಂಡಿನ ಹೊರಗಿನಿಂದಲೇ ಹಾಕಬೇಕು. ಶುಲ್ಕ 10,000 ಬಾಟ್. ವೀಸಾದ ಅವಧಿ ಐದು ವರ್ಷ. ಒಮ್ಮೆ ಒಳಗೆ ಬಂದರೆ 180 ದಿನ. ಆಮೇಲೆ ಹೊರಗೆ ಹೋಗಿ ಬರಬಹುದು, ಇಲ್ಲವೆ ಕಚೇರಿಯಲ್ಲಿ ವಿಸ್ತರಣೆ ಕೇಳಬಹುದು. ಹೆಂಡತಿಯೂ ಇಪ್ಪತ್ತು ತುಂಬದ ಮಕ್ಕಳೂ ಜೊತೆಗಿರಬಹುದು. ಒಬ್ಬೊಬ್ಬರಿಗೂ ಬೇರೆ ಅರ್ಜಿ, ಬೇರೆ ಶುಲ್ಕ.

“ಇದರಲ್ಲಿ ನನಗೆ ಹಿಡಿಸಿದ್ದು ಒಂದು” ಎಂದ ಅಳಿಯ. “ಉಳಿದವರು ತಿಂಗಳ ವರಮಾನ ಕೇಳುತ್ತಾರೆ. ಸ್ವಂತ ಕಸುಬಿನವನ ವರಮಾನ ಮಳೆಗಾಲದ ಹೊಳೆಯ ಹಾಗೆ. ಒಂದು ತಿಂಗಳು ಪ್ರವಾಹ, ಇನ್ನೊಂದು ತಿಂಗಳು ಮರಳು. ಇವರು ಕೇಳುವುದು ಕೂಡಿಟ್ಟ ಹಣವನ್ನು. ಕೆಲಸ ಮಾಡುತ್ತೇನೆಂದು ಹೇಳಿಯೇ ಬರಬಹುದು. ಆದರೆ ಥಾಯ್ ಕಂಪನಿಗೆ ಕೆಲಸ ಮಾಡುವಂತಿಲ್ಲ. ಇಲ್ಲಿ ಅಂಗಡಿ ತೆರೆಯುವಂತಿಲ್ಲ.”

ತೆರಿಗೆಯ ವಿಷಯವನ್ನೂ ಕೇಳಿದೆ. ಒಂದು ವರ್ಷದಲ್ಲಿ 180 ದಿನ ಅಲ್ಲಿದ್ದವನು ಥಾಯ್ ತೆರಿಗೆಯ ಕಣ್ಣಿಗೆ ನಿವಾಸಿಯಾಗುತ್ತಾನೆ. ಹೊರಗೆ ಗಳಿಸಿ ಒಳಗೆ ತಂದ ಹಣದ ಮೇಲೆ ತೆರಿಗೆ ಬೀಳಬಹುದೆಂಬ ನಿಯಮ 2024ರ ಜನವರಿಯಿಂದ ಬಿಗಿಯಾಯಿತು. ಇತ್ತ ಭಾರತದಲ್ಲಿ 182 ದಿನವಿದ್ದವನು ಇಲ್ಲಿಯ ನಿವಾಸಿ. “ವೀಸಾ ಸಿಕ್ಕಿತೆಂದು ತೆರಿಗೆ ತೀರಿತೆಂದುಕೊಳ್ಳುವವರೇ ಹೆಚ್ಚು. ನಾನು ಎರಡು ಕಡೆಯ ದಿನಗಳನ್ನೂ ಬರೆದಿಡುತ್ತೇನೆ, ಲೆಕ್ಕ ಬಲ್ಲವರ ಸಲಹೆಯನ್ನೂ ಪಡೆದಿದ್ದೇನೆ” ಎಂದು ಕ್ಯಾಲೆಂಡರ್ ತೋರಿಸಿದ. ಹಾಲಿನ ಲೆಕ್ಕ ಬರೆಯುವ ನಮ್ಮ ಅಕ್ಕನ ಕ್ಯಾಲೆಂಡರಿನಂತೆಯೇ ಇತ್ತು ಅದು.

ಕಿಟಕಿಯ ಮುಂದೆ

ವಿದೇಶೀಯನು ಎಡೆಬಿಡದೆ 90 ದಿನ ಇದ್ದರೆ ತಾನೆಲ್ಲಿ ವಾಸಿಸುತ್ತಿದ್ದೇನೆಂದು ವಲಸೆ ಕಚೇರಿಗೆ ತಿಳಿಸಬೇಕು. ತಪ್ಪಿದರೆ ದಂಡವುಂಟು. ಆಗಸ್ಟ್ 20ರಂದು ಹೊಸ ವೀಸಾದೊಡನೆ ಬಂದಿದ್ದ ಅಳಿಯನಿಗೆ ಆ ಗಡುವು ಆ ವಾರವೇ ಬಿದ್ದಿತ್ತು. ಮೊದಲ ಸಲ ಖುದ್ದಾಗಿಯೇ ಹೋಗಬೇಕು. “ನಾನೂ ಬರುತ್ತೇನೆ” ಎಂದೆ. ಅಕ್ಕನ ಕಣ್ಣು ನಾನಲ್ಲವೆ?

ಸಾಲಿನಲ್ಲಿ ಹಲವು ದೇಶದವರು. ಅಳಿಯನ ಸರದಿ ಬಂದಾಗ ಕನ್ನಡಕದ ಅಧಿಕಾರಿಣಿ ಕಾಗದಗಳನ್ನು ಮಗುಚಿ ನೋಡಿ ಏನೋ ಕೇಳಿದರು. ಇವನು “ನನ್ನದೇ ಕಸುಬು, ಇಂಟರ್‌ನೆಟ್ಟಿನ ಮೂಲಕ ಕೆಲಸ, ಗಿರಾಕಿಗಳೆಲ್ಲ ಹೊರದೇಶದವರು” ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ. ಅವರು ತಲೆಯಾಡಿಸಿ, ಮುಂದಿನ ತಾರೀಖಿನ ಚೀಟಿಯೊಂದನ್ನು ಪಾಸ್‌ಪೋರ್ಟಿಗೆ ಲಗತ್ತಿಸಿ ಕೊಟ್ಟರು. ಅಷ್ಟೆ. ಹೊರಗೆ ಬಂದ ಮೇಲೆ ಅವನು ಆ ಚೀಟಿಯನ್ನು ಎರಡು ಸಲ ನೋಡಿಕೊಂಡ. ಎರಡು ವರ್ಷ “ನೋಡಲು ಬಂದೆ” ಎಂದವನು ಅಂದು ಒಂದು ಸರ್ಕಾರಿ ಕಿಟಕಿಯ ಮುಂದೆ ತನ್ನ ಕಸುಬಿನ ಹೆಸರು ಹೇಳಿ ಬಂದಿದ್ದ. ಆ ಮುಖದಲ್ಲಿದ್ದ ನೆಮ್ಮದಿಯನ್ನು ಕಂಡಾಗ, ಅಕ್ಕ ಕೇಳಿದ ‘ನ್ಯಾಯ’ವೆಂಬ ಮಾತಿನ ಬೆಲೆ ನನಗೆ ಅರ್ಥವಾಯಿತು.

ಮನೆಗೆ ಮರಳುವಾಗ ಮನೆಯೊಡತಿ ಬಾಗಿಲಲ್ಲಿಯೇ ಸಿಕ್ಕಿ, ನಾನು ಬಂದಿಳಿದ ಸಂಗತಿಯನ್ನು 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಿದ್ದಾಗಿ ನಗುತ್ತ ಹೇಳಿದರು. ಅದೂ ಅಲ್ಲಿಯ ನಿಯಮ. ಈ ದೇಶ ಅತಿಥಿಯನ್ನು ಆದರದಿಂದ ಕಾಣುತ್ತದೆ. ಆದರೆ ಅವನು ಅತಿಥಿ ಎಂಬುದನ್ನು ಒಂದು ದಿನವೂ ಮರೆಯುವುದಿಲ್ಲ. ಈ ವೀಸಾದಿಂದ ಪೌರತ್ವವಾಗಲಿ, ಶಾಶ್ವತ ವಾಸದ ಹಕ್ಕಾಗಲಿ ಬರುವುದಿಲ್ಲ. ಐದು ವರ್ಷ ಮುಗಿದರೆ ಮತ್ತೆ ಮೊದಲಿನಿಂದ.

ಪಟ್ಟಿಯಲ್ಲಿಲ್ಲದ ಹೆಸರು

ಅಕ್ಕ ಕೇಳದೆ ಬಿಟ್ಟ ಪ್ರಶ್ನೆಯನ್ನು ನಾನೇ ಕೇಳಿದೆ. “ಅಮ್ಮನನ್ನು ಇಲ್ಲಿಗೆ ಕರೆಸಿಕೊಳ್ಳಬಾರದೇನೋ?”

ಉತ್ತರ ಕೊಟ್ಟದ್ದು ಅವನ ಹೆಂಡತಿ. “ಮೊದಲು ನೋಡಿದ್ದೇ ಅದನ್ನು ಮಾವ. ನಿಯಮದಲ್ಲಿ ಗಂಡ, ಹೆಂಡತಿ, ಮಕ್ಕಳು ಎಂದಿದೆ. ಅತ್ತೆಯವರ ಹೆಸರು ಬರೆಯುವುದಕ್ಕೆ ಕಾಲಮ್ಮೇ ಇಲ್ಲ.”

ಐವತ್ತು ತುಂಬಿದವರಿಗೆ ನಿವೃತ್ತಿವಾಸದ ಬೇರೊಂದು ಅನುಮತಿಯಿದೆ. ವರ್ಷ ವರ್ಷವೂ ನವೀಕರಿಸಬೇಕು. ಅದಕ್ಕೆ ಬ್ಯಾಂಕಿನಲ್ಲಿ 8 ಲಕ್ಷ ಬಾಟ್, ಇಲ್ಲವೆ ತಿಂಗಳಿಗೆ 65,000 ಬಾಟ್ ವರಮಾನ ತೋರಿಸಬೇಕು. ಎಂದರೆ ಸುಮಾರು 19 ಲಕ್ಷ ರೂಪಾಯಿಯ ಠೇವಣಿ. ಮಗನ ಐದು ಲಕ್ಷದ ಮೇಲೆ ತಾಯಿಗೆ ಎಂಟು ಲಕ್ಷ. “ಇನ್ನೆರಡು ವರ್ಷ ದುಡಿದರೆ ಆದೀತು” ಎಂದ ಅಳಿಯ. “ಆದರೆ ಅಮ್ಮ ಇಲ್ಲಿ ಯಾರೊಡನೆ ಮಾತಾಡಬೇಕು? ಕಾಯಿಲೆಯಾದರೆ ಖರ್ಚು? ಹಣ ಹೊಂದಿಸುವುದು ಸುಲಭ ಮಾವ; ಅಮ್ಮನ ಬೀದಿಯನ್ನು ಇಲ್ಲಿಗೆ ತರುವುದು ಹೇಗೆ?”

ನನಗೆ ಮಾತು ಹೊರಡಲಿಲ್ಲ. ಇಷ್ಟು ದೇಶಗಳ ಇಷ್ಟು ನಿಯಮಗಳನ್ನು ಕೇಳಿದೆ. ಬ್ಯಾಂಕಿನ ಹಣವನ್ನು ಎಣಿಸುವವರುಂಟು. ತಿಂಗಳ ವರಮಾನವನ್ನು, ಗಿರಾಕಿಗಳ ಪಾಲನ್ನು, ವಾಸದ ದಿನಗಳನ್ನು ಎಣಿಸುವವರುಂಟು. ಮೈಸೂರಿನಲ್ಲಿ ಸಂಜೆ ದೀಪ ಹಚ್ಚಿ ಫೋನಿನ ಪಕ್ಕ ಕುಳಿತುಕೊಳ್ಳುವವಳನ್ನು ಆ ವೀಸಾದ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆ ಲೆಕ್ಕವನ್ನು ಹೊರಡುವವನೇ ಹಾಕಿಕೊಳ್ಳಬೇಕು.

ಕಾರ್ತಿಕದ ಹುಣ್ಣಿಮೆ

ನವೆಂಬರ್ 15ರಂದು ಹುಣ್ಣಿಮೆ. ನಮಗೆ ಕಾರ್ತಿಕ ದೀಪೋತ್ಸವ. ಅವರಿಗೆ ಲೋಯ್ ಕ್ರಥೋಂಗ್. ಬಾಳೆಯ ದಿಂಡಿನ ಬಿಲ್ಲೆಗೆ ಎಲೆಯನ್ನು ಮಡಿಸಿ ಚುಚ್ಚಿ, ಹೂವು, ಊದುಬತ್ತಿ, ಮೇಣದ ಬತ್ತಿಯಿಟ್ಟು ನದಿಯಲ್ಲಿ ತೇಲಿಬಿಡುತ್ತಾರೆ. ವರ್ಷವೆಲ್ಲ ನೀರನ್ನು ಮಲಿನಗೊಳಿಸಿದ ತಪ್ಪಿಗೆ ಜಲದೇವಿಯ ಕ್ಷಮೆ ಬೇಡುತ್ತಾರೆ. ಆ ದೇವಿಯ ಹೆಸರು ‘ಮೇ ಖೋಂಗ್‌ಖಾ’, ನಮ್ಮ ಗಂಗಾಮಾತೆಯೇ. ಒಂದೂವರೆ ತಿಂಗಳ ಹಿಂದೆ ಮನೆಯೊಳಗೆ ನುಗ್ಗಿದ ಅದೇ ನದಿಗೆ ಆ ಜನ ಮೊಣಕಾಲೂರಿ ಕೈಮುಗಿಯುತ್ತಿದ್ದರು.

ನಾವೂ ಒಂದನ್ನು ತೇಲಿಬಿಟ್ಟೆವು. ಅಲ್ಲಿ ಏಳೂವರೆ; ಮೈಸೂರಿನಲ್ಲಿ ಆರು ಗಂಟೆ. ಅಳಿಯ ಫೋನು ಹಚ್ಚಿದ. ಪರದೆಯ ಮೇಲೆ ಅಕ್ಕ ತುಳಸಿಕಟ್ಟೆಯ ಮುಂದೆ ಹಣತೆಗೆ ಎಣ್ಣೆ ಹಾಕುತ್ತಿದ್ದಳು. ಪುಟ್ಟಿ ಅಜ್ಜಿಗೆ ನದಿಯನ್ನು ತೋರಿಸಿದಳು. ಅಜ್ಜಿ ಪುಟ್ಟಿಗೆ ದೀಪ ತೋರಿಸಿದಳು. ಆಮೇಲೆ ನನ್ನನ್ನು ಕರೆದು, “ಏನೋ, ನ್ಯಾಯವಾಗಿದ್ದಾನೆಯೇನೋ?” ಎಂದಳು.

“ಇದ್ದಾನಕ್ಕ. ಸರ್ಕಾರದ ಚೀಟಿ ನಾನೇ ಕಣ್ಣಾರೆ ನೋಡಿದೆ.”

ಇನ್ನುಳಿದದ್ದನ್ನೂ ಮುಚ್ಚಿಡದೆ ಹೇಳಿದೆ. ಎಂಟು ಲಕ್ಷ ಬಾಟಿನ ಮಾತು ಕೇಳಿ ಅವಳು ನಕ್ಕಳು. “ನನ್ನನ್ನು ಇಟ್ಟುಕೊಳ್ಳುವುದಕ್ಕೆ ಹತ್ತೊಂಬತ್ತು ಲಕ್ಷ ಒತ್ತೆಯೇ? ನಾನು ಅಷ್ಟು ಬಾಳುತ್ತೇನೆಂದು ನನಗೇ ಗೊತ್ತಿರಲಿಲ್ಲ ಕಣೋ.”

ಅಳಿಯ ಫೋನು ತೆಗೆದುಕೊಂಡು ತನ್ನ ಕ್ಯಾಲೆಂಡರಿನ ಲೆಕ್ಕ ಹೇಳಿದ. ಅವನ 180 ದಿನ ಮುಗಿಯುವುದು ಫೆಬ್ರವರಿಯ ಮಧ್ಯಕ್ಕೆ. ಆ ಹೊತ್ತಿಗೆ ಉತ್ತರ ಥಾಯ್ಲೆಂಡಿನಲ್ಲಿ ಕಾಡಿಗೂ ಕೊಯ್ದ ಹೊಲಕ್ಕೂ ಬೆಂಕಿ ಬೀಳುತ್ತದೆ. ಏಪ್ರಿಲಿನವರೆಗೂ ಸುಥೇಪ ಪರ್ವತ ಕಣ್ಣಿಗೇ ಕಾಣದಷ್ಟು ಹೊಗೆ. ಮಗುವನ್ನಿಟ್ಟುಕೊಂಡು ಅಲ್ಲಿರುವುದು ಕಷ್ಟ. ವಿಸ್ತರಣೆ ಕೇಳುವ ಬದಲು ಆ ಎರಡೂವರೆ ತಿಂಗಳನ್ನು ಮೈಸೂರಿನಲ್ಲಿಯೇ ಕಳೆಯುವುದು. ಯುಗಾದಿ ಮುಗಿಸಿ, ಮೊದಲ ಮಳೆ ಬಿದ್ದ ಮೇಲೆ ಮರಳುವುದು. ಚಳಿಗಾಲದಲ್ಲಿ ಅಕ್ಕ ಪ್ರವಾಸಿಯಾಗಿ ಇಲ್ಲಿಗೆ ಬರುವುದು.

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಆ ಹೊಗೆಗೆ ಪುಣ್ಯ ಬರಲಿ” ಎಂದಳು.

ಮಕ್ಕಳು ಇಂತಹ ಕಸುಬು ಹಿಡಿದು ಹೊರಡುವ ಮನೆಗಳು ಇಂದು ನಮ್ಮ ಊರುಗಳಲ್ಲಿ ಅನೇಕ. ಅವರಿಗೆ ನಾನು ಹೇಳುವುದು ಇಷ್ಟೆ. ವೀಸಾದ ನಿಯಮಗಳು ವರ್ಷಕ್ಕೊಮ್ಮೆ ಮಗ್ಗುಲು ಬದಲಾಯಿಸುತ್ತವೆ. ಹೊರಡುವ ಮುನ್ನ ಆಯಾ ದೇಶದ ರಾಯಭಾರ ಕಚೇರಿಯಿಂದಲೇ ತಿಳಿದುಕೊಳ್ಳಬೇಕು. ಕಿಟಕಿಯ ಮುಂದೆ ನಿಜ ಹೇಳಬಲ್ಲ ದಾರಿಯನ್ನೇ ಹಿಡಿಯಬೇಕು. ಬಿಡಾರವನ್ನು ಬಿಡಾರವೆಂದೇ ತಿಳಿದಿರಬೇಕು. ಕ್ಯಾಲೆಂಡರಿನಲ್ಲಿ ತೆರಿಗೆಯ ದಿನಗಳನ್ನು ಗುರುತು ಹಾಕುವ ಮೊದಲು ತಾಯಿಯ ದಿನಗಳನ್ನು ಗುರುತು ಹಾಕಬೇಕು.

ನಾನು ಹೊರಡುವ ದಿನ ಅಳಿಯನ ಗೋಡೆಯ ಮೇಲಿನ ಹೊಸ ಕ್ಯಾಲೆಂಡರನ್ನು ನೋಡಿದೆ. ಫೆಬ್ರವರಿಯ ಹಾಳೆಯಲ್ಲಿ ಒಂದು ತಾರೀಖಿಗೆ ಕೆಂಪು ಸುತ್ತು. ಅದರ ಕೆಳಗೆ ಪುಟ್ಟಿಯ ಕೈಹಿಡಿದು ಅವಳಮ್ಮ ಬರೆಯಿಸಿದ್ದ ಎರಡು ಸೊಟ್ಟ ಅಕ್ಷರ: ‘ಅಜ್ಜಿ’.